ಶಾಲ್ಮಲಿಯ ಪೊಟರೆಯಿಂದ ದೇವರಾಯಿಗೆ: ಗಿಳಿ ಮತ್ತು ಒಡೆದ ಕಾಡು

೧

ಬಾಣನ ಸಂಸ್ಕೃತ ಗದ್ಯಕಾವ್ಯವಾದ 'ಕಾದಂಬರಿ'ಯನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. 'ಕರ್ಣಾಟಕ ಕಾದಂಬರಿ'ಯ ಬಗೆಗೆ ಕನ್ನಡ ವಿದ್ವಾಂಸರು ನಡೆಸಿರುವ ಚರ್ಚೆ ಬಹುಮಟ್ಟಿಗೆ ಅನುವಾದದ ಸ್ವರೂಪ, ಮೂಲದ ಸಂಕ್ಷೇಪ, ಜನ್ಮಾಂತರ ಪ್ರೇಮ, ಕವಿಯ ಕಾಲನಿರ್ಣಯ ಇವುಗಳ ಸುತ್ತ ತಿರುಗಿದೆ. ಕಥೆಯನ್ನು ಹೇಳುವುದು ಒಂದು ಗಿಳಿ ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಆ ಗಿಳಿ ಹುಟ್ಟಿದ ಮರದ ಕಡೆಗೆ ಮಾತ್ರ ಅಷ್ಟು ಗಮನ ಸಂದಿಲ್ಲ.

ಶೂದ್ರಕನ ಆಸ್ಥಾನಕ್ಕೆ ಚಂಡಾಲಕನ್ಯೆಯೊಬ್ಬಳು ತಂದೊಪ್ಪಿಸಿದ ವೈಶಂಪಾಯನನೆಂಬ ಗಿಳಿ ತನ್ನ ಪೂರ್ವವೃತ್ತಾಂತವನ್ನು ಹೇಳಲು ತೊಡಗುವುದು ವಿಂಧ್ಯಾಟವಿಯ ಒಂದು ಮುದಿ ಶಾಲ್ಮಲಿಯಿಂದ. ಪಂಪಾಸರೋವರದ ದಡದಲ್ಲಿರುವ ಆ ಮರದ ಬುಡವನ್ನು ಹೆಬ್ಬಾವೊಂದು ಸುತ್ತಿಕೊಂಡಿದೆ. ಕೊಂಬೆಗಳು ದಿಕ್ಕುದಿಕ್ಕಿಗೆ ಚಾಚಿವೆ. ಪೊಟರೆಗಳಲ್ಲಿ, ಕೊಂಬೆಯ ಸಂದುಗಳಲ್ಲಿ, ತೊಗಟೆಯ ಬಿರುಕುಗಳಲ್ಲಿ ಗಿಳಿಗಳು ನಿಶ್ಚಿಂತೆಯಿಂದ ಗೂಡು ಮಾಡಿಕೊಂಡಿವೆ. ಹಗಲಿನಲ್ಲಿ ಅವು ಮೇವಿಗಾಗಿ ಚದುರಿಹೋಗುತ್ತವೆ. ಸಂಜೆ ಮರಳಿ ಬಂದು ಮರಿಗಳಿಗೆ ಹಣ್ಣಿನ ರಸವನ್ನೂ ಭತ್ತದ ತೆನೆಯ ಕಾಳನ್ನೂ ಗುಟುಕು ಕೊಡುತ್ತವೆ. ವೈಶಂಪಾಯನನ ತಾಯಿ ಪ್ರಸವದ ನೋವಿನಿಂದ ಸತ್ತಿದ್ದಾಳೆ. ತಂದೆ ಮುದುಕ, ಗರಿ ಸವೆದುಹೋದವನು, ದೂರ ಹಾರಲಾರದವನು. ಆದುದರಿಂದ ಅವನು ಬೇರೆಯವರ ಗೂಡುಗಳಿಂದ ಬಿದ್ದ ಕಾಳನ್ನು, ಮರದ ಬುಡದಲ್ಲಿ ಗಿಳಿಗಳು ಕಚ್ಚಿ ಕೆಡವಿದ ಹಣ್ಣಿನ ಚೂರನ್ನು ಆರಿಸಿ ತಂದು ಮಗನನ್ನು ಸಾಕುತ್ತಾನೆ. ಒಂದು ಮುಂಜಾನೆ ಶಬರಸೇನೆ ಬೇಟೆಯಾಡಿ ಹೋದ ಮೇಲೆ, ಮಾಂಸ ಸಿಗದೆ ಹಿಂದೆ ಉಳಿದ ಮುದಿ ಶಬರನೊಬ್ಬ ಮರ ಹತ್ತುತ್ತಾನೆ. ಪೊಟರೆಪೊಟರೆಗೂ ಕೈಹಾಕಿ, ಇನ್ನೂ ಗರಿ ಮೂಡದ ಮರಿಗಳನ್ನು ಕಾಯಿ ಕಿತ್ತಂತೆ ಕಿತ್ತು ಕೊಂದು ಕೆಳಕ್ಕೆ ಎಸೆಯುತ್ತಾನೆ.

ಈ ಭಾಗವನ್ನು ಕರುಣರಸದ ನಿದರ್ಶನವಾಗಿ ಪಾಠ ಹೇಳುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಇದೇ ಭಾಗವನ್ನು ಪಕ್ಷಿಜೀವನದ ವರದಿಯಾಗಿ ಓದಿದರೂ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಗಿಳಿ ಗೂಡು ಕಟ್ಟುವ ಹಕ್ಕಿಯಲ್ಲ, ಪೊಟರೆಯನ್ನು ಹುಡುಕುವ ಹಕ್ಕಿ. ಮೇವಿನ ಜಾಗ ಮತ್ತು ಗೂಡಿನ ಜಾಗ ಅದಕ್ಕೆ ಬೇರೆ ಬೇರೆ. ಎರಡರ ನಡುವಿನ ದೂರವನ್ನು ರೆಕ್ಕೆಯೇ ತುಂಬಬೇಕು. ರೆಕ್ಕೆ ಸೋತ ತಂದೆಗೆ ಹತ್ತಿರದ ಮೇವೇ ಗತಿ. ಪೊಟರೆಯ ಮರ ಹಳೆಯದಾಗಿರಬೇಕು. ಮರಿಗಳು ಪೊಟರೆಯಲ್ಲಿರುವ ಕೆಲವು ವಾರಗಳಲ್ಲಿಯೇ ಮನುಷ್ಯನ ಕೈಗೆ ಅವು ಅತಿ ಸುಲಭವಾಗಿ ಸಿಗುತ್ತವೆ. ಸಾವಿರಾರು ಗಿಳಿಗಳು ಒಂದೇ ಮರದಲ್ಲಿ ಮರಿಮಾಡುವುದು ಕವಿಯ ಉತ್ಪ್ರೇಕ್ಷೆ. ರಾತ್ರಿ ತಂಗುವ ಮರವನ್ನೂ ಮರಿಮಾಡುವ ಮರವನ್ನೂ ಅವನು ಒಂದಾಗಿಸಿದ್ದಾನೆ. ಮರದ ಆಯ್ಕೆಯಲ್ಲಂತೂ ಅವನು ತಪ್ಪಿಲ್ಲ. ಶಾಲ್ಮಲಿ ಎಂದರೆ ಬೂರುಗ. ಅದರ ಮರ ಮೃದು; ಮರಕುಟಿಗ ಸುಲಭವಾಗಿ ಕೊರೆಯಬಲ್ಲದು; ಎಲೆಯುದುರಿದ ಚಳಿಗಾಲದ ಕೊನೆಯಲ್ಲಿ ಅರಳುವ ಕೆಂಪು ಹೂವಿನ ಮಕರಂದಕ್ಕೆ ಗಿಳಿಗಳು ಇಂದಿಗೂ ಮುತ್ತುತ್ತವೆ.

ಬೂರುಗ ಕಡ್ಡಿಪೆಟ್ಟಿಗೆಯ ಕೈಗಾರಿಕೆಗೆ ಒದಗಿದ್ದೂ ಅದೇ ಮೃದುತ್ವದಿಂದ ಎಂಬುದು ಬೇರೆ ಮಾತು.

೨

ಕನ್ನಡದ 'ಗಿಳಿ', 'ಗಿಣಿ' ಎಂಬ ರೂಪಗಳು ತಮಿಳು ಮಲಯಾಳಗಳ 'ಕಿಳಿ'ಯೊಡನೆ ಸಂಬಂಧವುಳ್ಳ ದ್ರಾವಿಡ ಪದಗಳು. ಸಂಸ್ಕೃತದಿಂದ ಬಂದ ಶುಕ, ಕೀರಗಳೂ ಕಾವ್ಯದಲ್ಲಿ ಧಾರಾಳವಾಗಿವೆ. ಅರಗಿಳಿ ಎಂಬ ಮುದ್ದಿನ ಮಾತೂ ಇದೆ. ಇಷ್ಟು ಹೆಸರುಗಳಿದ್ದರೂ ಇವೆಲ್ಲ ಒಂದೇ ಹಕ್ಕಿಯನ್ನು, ಹಸಿರು ಮೈಯ, ಕೆಂಪು ಕೊಕ್ಕಿನ, ಮಾತು ಕಲಿಯುವ ಹಕ್ಕಿಯನ್ನು, ಮನಸ್ಸಿಗೆ ತರುತ್ತವೆ. ಪದದ ಈ ಏಕತೆ ಕಾವ್ಯಕ್ಕೆ ಅನುಕೂಲವಾಗಿದ್ದಿರಬಹುದು. ಕಾಡಿನ ವಿಚಾರಕ್ಕೆ ಅದು ತೊಡಕು. ಪುಣೆ ನಗರದ ಹಳೆಯ ಬಂಗಲೆಗಳ ಆವರಣದಲ್ಲಿ, ನದಿಯ ದಡದ ಆಲದ ಮರಗಳಲ್ಲಿ, ವಿಶ್ವವಿದ್ಯಾಲಯದ ತೋಪುಗಳಲ್ಲಿ ಸಂಜೆಯ ಹೊತ್ತು ಕಿವಿಗಡಚಿಕ್ಕುವಂತೆ ಕೂಗುವ ಗಿಳಿಗಳ ಹಿಂಡನ್ನು ಕಂಡವರು, ಗಿಳಿಗೆ ಯಾವ ಆಪತ್ತೂ ಇಲ್ಲವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಅವರು ಕಂಡದ್ದು ಕೊರಳಿಗೆ ಗುಲಾಬಿ ಪಟ್ಟಿಯುಳ್ಳ ಊರಗಿಳಿ. ಮಣ್ಣಿನ ಗೋಡೆಯ ತೂತು, ಹಳೆಯ ಕೋಟೆಯ ಕಲ್ಲುಸಂದು, ದಾರಿಬದಿಯ ಮರದ ಪೊಟರೆ ಯಾವುದಾದರೂ ಅದಕ್ಕೆ ಆಗುತ್ತದೆ. ಯುರೋಪಿನ ನಗರಗಳಲ್ಲಿಯೂ ಪಂಜರದಿಂದ ತಪ್ಪಿಸಿಕೊಂಡು ಸಂಸಾರ ಹೂಡಿರುವ ಹಕ್ಕಿ ಅದು.

ಪುಣೆಯಿಂದ ಪಶ್ಚಿಮಕ್ಕೆ ಮುಳಶಿ, ತಾಮ್ಹಿಣಿಗಳ ಕಡೆ ಹೊರಟರೆ ಐವತ್ತು ಅರವತ್ತು ಕಿಲೋಮೀಟರ್ ಒಳಗೆ ಮಳೆಯ ಪ್ರಮಾಣ ಏಳುನೂರು ಮಿಲಿಮೀಟರಿನ ಆಸುಪಾಸಿನಿಂದ ಐದು ಸಾವಿರವನ್ನು ಮೀರುತ್ತದೆ. ಕುರುಚಲು ಮುಳ್ಳುಗಿಡದ ಗುಡ್ಡಗಳು ಹಿಂದೆ ಸರಿದು ಎಲೆಯುದುರುವ ಕಾಡು, ಅನಂತರ ಘಟ್ಟದ ಅಂಚಿನ ನಿತ್ಯಹಸಿರು ಕಾಡು ಎದುರಾಗುತ್ತವೆ. ಗಿಳಿಗಳೂ ಬದಲಾಗುತ್ತವೆ. ಗಂಡಿಗೆ ಹಣ್ಣಾದ ನೇರಳೆಯ ಕೆಂಪು ತಲೆಯಿರುವ ಕೆಂದಲೆಗಿಳಿ ಎಲೆಯುದುರುವ ಕಾಡಿನದು. ಗುಬ್ಬಚ್ಚಿಯ ಗಾತ್ರದ, ತಲೆಕೆಳಗಾಗಿ ಜೋತು ನಿದ್ರಿಸುವ ಪುಟ್ಟ ತೂಗುಗಿಳಿ ಹೂಬಿಟ್ಟ ಮರಗಳ ನೆತ್ತಿಯಲ್ಲಿ ಸುಳಿಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ನೀಲಿರೆಕ್ಕೆಯ ಗಿಳಿ. ಪಶ್ಚಿಮಘಟ್ಟದ ಹೊರಗೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಈ ಹಕ್ಕಿಗೆ ೧೮೩೦ರಲ್ಲಿ ವಿಗರ್ಸ್ ಎಂಬ ಪ್ರಾಣಿಶಾಸ್ತ್ರಜ್ಞ 'ಪಾರಿವಾಳದಂತಹುದು' ಎಂಬರ್ಥ ಬರುವ ಲ್ಯಾಟಿನ್ ಹೆಸರಿಟ್ಟ. ತಲೆ, ಬೆನ್ನು, ಎದೆಗಳ ಬೂದುಬಣ್ಣವೇ ಅದಕ್ಕೆ ಕಾರಣವಾಗಿರಬೇಕು. ರೆಕ್ಕೆ ಮತ್ತು ಬಾಲ ನೀಲಿ, ಬಾಲದ ತುದಿ ಹಳದಿ. ಗಂಡಿನ ಮೇಲುಕೊಕ್ಕು ಕೆಂಪು, ಹೆಣ್ಣಿನ ಕೊಕ್ಕು ಕಪ್ಪು. ಮಹಾರಾಷ್ಟ್ರದ ಸಹ್ಯಾದ್ರಿಯಿಂದ ಕೇರಳದ ದಕ್ಷಿಣದ ಬೆಟ್ಟಗಳವರೆಗೆ ಹಬ್ಬಿರುವ ಅದರ ವ್ಯಾಪ್ತಿಯಲ್ಲಿ ಪುಣೆಯ ಪಶ್ಚಿಮದ ಘಟ್ಟಗಳು ಉತ್ತರದ ಅಂಚಿಗೆ ಸಮೀಪದವು.

ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ನೀಲಿರೆಕ್ಕೆಯ ಗಿಳಿಯನ್ನು ಇನ್ನೂ ಅಳಿವಿನಂಚಿನ ವರ್ಗಕ್ಕೆ ಸೇರಿಸಿಲ್ಲ. ದೊಡ್ಡ ಗಾತ್ರದ, ಭುಜದ ಮೇಲೆ ಕೆಂಪು ಮಚ್ಚೆಯಿರುವ ರಾಜಗಿಳಿಯನ್ನು ೨೦೧೩ರಿಂದ ಅಪಾಯಕ್ಕೆ ಸಮೀಪಿಸಿದ ವರ್ಗದಲ್ಲಿ ಎಣಿಸಲಾಗಿದೆ. ಮರಿಗಳ ಅಪಹರಣ ಮತ್ತು ಹಳೆಯ ಮರಗಳ ನಾಶ ಅದಕ್ಕೆ ಮುಖ್ಯ ಕಾರಣಗಳು. ನಗರಗಳಲ್ಲಿ ಅಲ್ಲಲ್ಲಿ ಕಾಣಿಸುವ ರಾಜಗಿಳಿಗಳಲ್ಲಿ ಎಷ್ಟೋ ಪಂಜರದಿಂದ ಹೊರಬಿದ್ದವು ಎಂಬುದನ್ನು ಮರೆಯಲಾಗದು. ಪಟ್ಟಿಯ ವರ್ಗವೊಂದೇ ಆಪತ್ತಿನ ಅಳತೆಯಲ್ಲ. ಒಂದೇ ಬೆಟ್ಟಸಾಲಿಗೆ ಕಟ್ಟುಬಿದ್ದ ಹಕ್ಕಿಗೆ ಆ ಬೆಟ್ಟಸಾಲಿನ ಕಾಡು ಚೂರಾದಾಗ ಹೋಗಲು ಬೇರೆ ಊರಿಲ್ಲ.

೩

ಚೂರಾದ ಕಾಡಿನ ವಿಚಾರದಲ್ಲಿ ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರ ಒಂದು ರೂಪಕದಿಂದ ಆರಂಭಿಸಿತು. ೧೯೬೭ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ದ್ವೀಪಗಳ ಜೀವಿಸಂಖ್ಯೆಯನ್ನು ಕುರಿತು ಮಂಡಿಸಿದ ಸಿದ್ಧಾಂತದ ಪ್ರಕಾರ, ದ್ವೀಪ ಚಿಕ್ಕದಾದಷ್ಟೂ ಮತ್ತು ದೊಡ್ಡ ನೆಲದಿಂದ ದೂರವಾದಷ್ಟೂ ಅಲ್ಲಿ ಉಳಿಯುವ ಜೀವಿಪ್ರಭೇದಗಳು ಕಡಿಮೆ. ಹೊಲ, ರಸ್ತೆ, ಜಲಾಶಯಗಳ ನಡುವೆ ಉಳಿದ ಕಾಡಿನ ತುಣುಕನ್ನೂ ದ್ವೀಪವೆಂದೇ ಭಾವಿಸಬಹುದೆಂದು ಅನೇಕರು ವಾದಿಸಿದರು. ಕಪ್ಪೆಗೆ, ನೆರಳಿನ ಗಿಡಕ್ಕೆ, ನೆಲದ ಮೇಲೆ ಓಡಾಡುವ ಪುಟ್ಟ ಪ್ರಾಣಿಗೆ ಈ ರೂಪಕ ಒಪ್ಪುತ್ತದೆ. ಗಿಳಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಕಾಡಿನ ತುಣುಕಿನ ಹೊರಗಿನ ಹೊಲ ಅದಕ್ಕೆ ಸಮುದ್ರವಲ್ಲ. ಜೋಳದ ತೆನೆಯೂ ತೋಟದ ಹಣ್ಣೂ ಅಲ್ಲಿಯೇ ಇವೆ. ಹಾರಿ ದಾಟಬಲ್ಲ ಹಕ್ಕಿಯ ಕಣ್ಣಿನಲ್ಲಿ ನೆಲದ ನಕ್ಷೆ ಬೇರೆ. ಅದು ಒಂದೊಂದು ತುಣುಕಿನಿಂದ ಒಂದೊಂದನ್ನು ಪಡೆಯುತ್ತದೆ: ಒಂದರಲ್ಲಿ ಅತ್ತಿಯ ಹಣ್ಣು, ಇನ್ನೊಂದರಲ್ಲಿ ಹಾಲಿವಾಣದ ಹೂವು, ಮತ್ತೊಂದರಲ್ಲಿ ರಾತ್ರಿಯ ತಂಗು, ಎಲ್ಲಿಯೋ ಒಂದು ಕಡೆ ಪೊಟರೆ. ಇವುಗಳಲ್ಲಿ ಬೇರೆಡೆ ಸಿಗದಿರುವುದು ಯಾವುದೋ ಅದೇ ಅದರ ಬದುಕಿನ ಮಿತಿಯನ್ನು ನಿಶ್ಚಯಿಸುತ್ತದೆ.

ಇದಕ್ಕೆ ಅತ್ಯುತ್ತಮ ನಿದರ್ಶನ ದೊರೆಯುವುದು ನೈಋತ್ಯ ಆಸ್ಟ್ರೇಲಿಯದ ಗೋಧಿಯ ಬಯಲಿನಲ್ಲಿ. ಅಲ್ಲಿನ ಕಾರ್ನಬಿ ಕಾಕಟೂ ಎಂಬ ಕಪ್ಪು ಗಿಳಿಯನ್ನು ಡೆನಿಸ್ ಸಾಂಡರ್ಸ್ ಎಂಬ ವಿಜ್ಞಾನಿ ೧೯೬೯ರ ಸುಮಾರಿನಿಂದ ವರ್ಷವರ್ಷವೂ ಅಭ್ಯಸಿಸಿದರು. ಗೋಧಿಗಾಗಿ ಕಾಡನ್ನು ಬಹುಪಾಲು ತೆಗೆದುಹಾಕಿದ್ದ ಮಾನ್‌ಮ್ಯಾನಿಂಗ್ ಎಂಬಲ್ಲಿ ಗೂಡಿನ ಮರಗಳು ಉಳಿದಿದ್ದವು, ಮೇವಿನ ಪೊದೆಗಾಡಿನ ತುಣುಕುಗಳೂ ಅಲ್ಲಲ್ಲಿ ಉಳಿದಿದ್ದವು. ಅವುಗಳ ನಡುವಿನ ಸಂಪರ್ಕ ಮಾತ್ರ ಕಡಿದುಹೋಗಿತ್ತು. ತಾಯಿತಂದೆಗಳು ಮೇವಿಗಾಗಿ ಬಹುದೂರ ಅಲೆಯಬೇಕಾಯಿತು. ಮರಿಗಳ ತೂಕ ಕುಂದಿತು. ೧೯೭೦ರ ದಶಕ ಮುಗಿಯುವ ಮೊದಲೇ ಅಲ್ಲಿ ಆ ಹಕ್ಕಿ ಮರಿಮಾಡುವುದೇ ನಿಂತುಹೋಯಿತು. ಕೂಮಲ್ಲೊ ಕ್ರೀಕ್ ಎಂಬ ಇನ್ನೊಂದು ಕಡೆ ರಸ್ತೆಯ ಇಕ್ಕೆಲದಲ್ಲಿ ಮೂಲ ಸಸ್ಯಗಳ ಅಗಲವಾದ ಪಟ್ಟಿಗಳು ಉಳಿದಿದ್ದವು. ಅವನ್ನು ಅನುಸರಿಸಿ ಹಕ್ಕಿಗಳು ತುಣುಕಿನಿಂದ ತುಣುಕಿಗೆ ದಾರಿ ಕಂಡುಕೊಂಡವು, ಅಲ್ಲಿ ಮರಿಮಾಡುವುದು ಮುಂದುವರಿಯಿತು. ರೆಕ್ಕೆಯಿದ್ದ ಮಾತ್ರಕ್ಕೆ ದೂರವೆಂಬುದು ಇಲ್ಲವಾಗುವುದಿಲ್ಲ. ವೈಶಂಪಾಯನನ ತಂದೆಗೆ ಮುಪ್ಪಿನಿಂದ ಒದಗಿದ ಸ್ಥಿತಿ ಮಾನ್‌ಮ್ಯಾನಿಂಗ್‌ನ ಹಕ್ಕಿಗಳಿಗೆ ಪ್ರಾಯದಲ್ಲಿಯೇ ಒದಗಿತು.

ಪೊಟರೆಯ ಕೊರತೆ ಏನು ಮಾಡಬಲ್ಲದೆಂಬುದಕ್ಕೆ ಪೋರ್ಟೊರಿಕೋ ದ್ವೀಪದ ಗಿಳಿ ಸಾಕ್ಷಿ. ೧೯೭೫ರಲ್ಲಿ ಕಾಡಿನಲ್ಲಿ ಉಳಿದಿದ್ದವು ಹದಿಮೂರೇ ಹಕ್ಕಿಗಳು. ಇದ್ದ ಕೆಲವೇ ಪೊಟರೆಗಳಿಗೆ ಇನ್ನೊಂದು ಜಾತಿಯ ಹಕ್ಕಿ ಪೈಪೋಟಿ ನಡೆಸುತ್ತಿದ್ದುದರಿಂದ ಕೃತಕ ಪೊಟರೆಗಳನ್ನು ರಚಿಸಿಕೊಟ್ಟು, ಕಾವಲಿದ್ದು, ಪಂಜರದಲ್ಲಿ ಮರಿಮಾಡಿಸಿ ಆ ಕುಲವನ್ನು ಉಳಿಸಿಕೊಳ್ಳಬೇಕಾಯಿತು.

ಗಿಳಿಗಳು ದೀರ್ಘಾಯುಗಳು ಎಂಬುದೂ ಇಲ್ಲಿ ಮೋಸಗೊಳಿಸುವ ಸಂಗತಿ. ಪೊಟರೆ ಸಿಗದೆ ಹತ್ತು ವರ್ಷ ಮರಿಮಾಡದ ಹಿಂಡು ಹನ್ನೊಂದನೆಯ ವರ್ಷವೂ ಆಕಾಶದಲ್ಲಿ ಹಾರುತ್ತಿರುತ್ತದೆ, ನೋಡುವವರ ಲೆಕ್ಕಕ್ಕೆ ಸಂಖ್ಯೆ ಸರಿಯಾಗಿಯೇ ಇರುತ್ತದೆ. ವಿಜ್ಞಾನಿಗಳು ಇದನ್ನು ಅಳಿವಿನ ಸಾಲ ಎಂದು ಕರೆಯುತ್ತಾರೆ. ಸಾಲ ಮಾಡಿದ ತಲೆಮಾರು ಬೇರೆ, ತೀರಿಸುವ ತಲೆಮಾರು ಬೇರೆ.

೪

ನೀಲಿರೆಕ್ಕೆಯ ಗಿಳಿ ಮರಿಮಾಡುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಮರಕುಟಿಗ ಅಥವಾ ಕುಟ್ರುಹಕ್ಕಿ ಕೊರೆದು ಬಿಟ್ಟ ಪೊಟರೆಯನ್ನು ಅದು ಹಿಡಿಯುತ್ತದೆ, ಬೇಕಾದರೆ ಬಾಯಿಯನ್ನು ತನ್ನ ಕೊಕ್ಕಿನಿಂದ ಹಿಗ್ಗಿಸಿಕೊಳ್ಳುತ್ತದೆ. ನಾಗಸಂಪಿಗೆಯಂತಹ ಮುದಿಮರಗಳೆಂದರೆ ಅದಕ್ಕೆ ವಿಶೇಷ ಒಲವು. ಹೆಣ್ಣು ನಾಲ್ಕರಷ್ಟು ಬಿಳಿಯ ಮೊಟ್ಟೆಗಳಿಗೆ ನಾಲ್ಕು ವಾರಗಳ ಹತ್ತಿರ ಕಾವು ಕೊಡುವಾಗ ಗಂಡು ಅರೆಜೀರ್ಣವಾದ ಹಣ್ಣನ್ನು ಕಕ್ಕಿ ಅದಕ್ಕೆ ಉಣಿಸುತ್ತದೆ. ಅಂದರೆ ಒಂದು ಗಿಳಿಸಂಸಾರಕ್ಕೆ ಬೇಕಾದುದು ಬರಿಯ ಕಾಡಲ್ಲ. ಮೊದಲು ಒಂದು ಹಳೆಯ ಮರ, ಆ ಮರದಲ್ಲಿ ಸತ್ತ ಅಥವಾ ಸಾಯುತ್ತಿರುವ ಒಂದು ಕೊಂಬೆ, ಆ ಕೊಂಬೆಯನ್ನು ಕೊರೆಯಲು ಬೇರೊಂದು ಹಕ್ಕಿ, ಕೊರೆದ ಹಕ್ಕಿ ಅಲ್ಲಿಂದ ಹೊರಟುಹೋಗುವಷ್ಟು ಕಾಲ. ಅರಣ್ಯ ಇಲಾಖೆಯ ಹಳೆಯ ಶಾಸ್ತ್ರದಲ್ಲಿ ಇಂಥ ಕೊಂಬೆಗೂ ಮರಕ್ಕೂ ಇದ್ದ ಹೆಸರು ರೋಗಿಷ್ಠ, ನಿರುಪಯುಕ್ತ. ಮೊದಲು ಕೊಡಲಿ ಬೀಳುತ್ತಿದ್ದುದು ಅವಕ್ಕೆ. ಉರುವಲಿಗೆ ಹೋಗುವ ಬಡವರಿಗೂ ಒಣಕೊಂಬೆಯೇ ನ್ಯಾಯವಾದ ಪಾಲು.

ಪುಣೆಯ ಪಶ್ಚಿಮದ ಕಣಿವೆಗಳಲ್ಲಿ ಇಂತಹ ಮರಗಳು ಎಲ್ಲಿ ಉಳಿದಾವು? ಮೂಲಾ, ಮುಠಾ, ಮೋಸೆ, ಪವನಾ ನದಿಗಳ ಉಗಮದ ಇಳಿಜಾರುಗಳಲ್ಲಿ ಕುಮರಿ ಬೇಸಾಯ ನಡೆದಿದೆ. ಪುಣೆ ಮುಂಬಯಿಗಳ ಒಲೆಗಳಿಗಾಗಿ ಇದ್ದಿಲು ಸುಟ್ಟದ್ದಾಗಿದೆ. ೧೯೨೦ರ ದಶಕದಲ್ಲಿ ಸೇನಾಪತಿ ಬಾಪಟರ ನೇತೃತ್ವದ ಸತ್ಯಾಗ್ರಹವನ್ನು ಕಂಡ ಮುಳಶಿಯ ಜಲಾಶಯ, ೧೯೬೧ರ ಜುಲೈ ೧೨ರಂದು ಒಡೆದು ಪುಣೆಯನ್ನು ಮುಳುಗಿಸಿದ ಪಾನ್‌ಶೇತ್ ಅಣೆಕಟ್ಟು, ವರಸಗಾಂವ್, ಪವನಾ ಹೀಗೆ ಕಣಿವೆಯ ತಳಗಳೆಲ್ಲ ನೀರಿನಡಿಗೆ ಸೇರಿದವು. ೨೦೧೦ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಲು ಹೇಳಿದಾಗ ದೇಶದ ಗಮನ ಸೆಳೆದ ಲವಾಸಾ ಗಿರಿನಗರ ಎದ್ದುದೂ ವರಸಗಾಂವ್ ಜಲಾಶಯದ ದಡದಲ್ಲಿಯೇ. ಇಷ್ಟರ ನಡುವೆಯೂ ಕೊಡಲಿ ಮುಟ್ಟದ ಮರಗಳ ಗುಂಪುಗಳು ಊರೂರಿಗೆ ಒಂದೊಂದರಂತೆ ಉಳಿದವು. ಮರಾಠಿಯಲ್ಲಿ ಅವುಗಳ ಹೆಸರು ದೇವರಾಯಿ. ಕನ್ನಡದ ದೇವರಕಾಡಿನ ಸೋದರಿ.

ದೇವರಾಯಿಗಳನ್ನು ಮೊದಲು ಗಂಭೀರವಾಗಿ ನೋಡಿದವರಲ್ಲಿ ಒಬ್ಬರು ಸಸ್ಯಶಾಸ್ತ್ರಜ್ಞರಲ್ಲ, ಗಣಿತಜ್ಞರೂ ಇತಿಹಾಸಕಾರರೂ ಆದ ಡಿ. ಡಿ. ಕೋಸಂಬಿ ಎಂಬುದು ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ಪುಣೆಯ ಸುತ್ತಲಿನ ಗುಡ್ಡಗಾಡನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಕೋಸಂಬಿಯವರು ೧೯೬೨ರ 'ಮಿಥ್ ಅಂಡ್ ರಿಯಾಲಿಟಿ' ಗ್ರಂಥದಲ್ಲಿ ಇಲ್ಲಿನ ಮಾತೃದೇವತೆಗಳ ಆರಾಧನೆಯನ್ನು ಚರ್ಚಿಸುತ್ತ, ದೇವತೆಯ ಬನಗಳ ಮೂಲ ನೇಗಿಲಿಗಿಂತ ಹಿಂದಿನ ಸಮಾಜದಲ್ಲಿದೆಯೆಂದು ಸೂಚಿಸಿದರು. ಅನಂತರ ೧೯೭೦ರ ದಶಕದ ಮೊದಲ ಭಾಗದಲ್ಲಿ ಪುಣೆಯ ಮಹಾರಾಷ್ಟ್ರ ಅಸೋಸಿಯೇಶನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್ ಸಂಸ್ಥೆಯ ವಿ. ಡಿ. ವರ್ತಕ್ ಮತ್ತು ಪುಣೆಯವರೇ ಆದ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ನೆಲೆನಿಂತ ಮಾಧವ ಗಾಡ್ಗೀಳ್ ಈ ಬನಗಳನ್ನು ಊರೂರು ಅಲೆದು ದಾಖಲಿಸಿದರು. ೧೯೭೫ ಮತ್ತು ೧೯೭೬ರಲ್ಲಿ ಪ್ರಕಟವಾದ ಅವರ ಲೇಖನಗಳು ಭಾರತದಲ್ಲಿ ದೇವರಕಾಡಿನ ಅಧ್ಯಯನಕ್ಕೆ ತಳಹದಿ ಹಾಕಿದವು. ವರ್ತಕರ ಸಂಸ್ಥೆ ೧೯೯೨ರಿಂದ ಅಗರ್‌ಕರ್ ಸಂಶೋಧನಾಲಯವೆಂಬ ಹೆಸರಿನಲ್ಲಿದೆ.

ಪ್ರಸ್ತುತ ಚರ್ಚೆಗೆ ಅವರ ದಾಖಲೆಗಳಲ್ಲಿ ಅತ್ಯಂತ ಮಹತ್ವದ್ದು ನಿಷೇಧದ ಸ್ವರೂಪ. ಎಲ್ಲ ದೇವರಾಯಿಗಳ ಕಟ್ಟಳೆ ಒಂದೇ ಅಲ್ಲ. ಕೆಲವೆಡೆ ಹಸಿಮರ ಕಡಿಯಬಾರದು, ಒಣಗಿದ್ದನ್ನು ಒಯ್ಯಬಹುದು. ಕಟ್ಟುನಿಟ್ಟಾದ ಬನಗಳಲ್ಲಿ ಬಿದ್ದ ಎಲೆಯನ್ನೂ ಒಣಗಿದ ಕಡ್ಡಿಯನ್ನೂ ಮುಟ್ಟುವಂತಿಲ್ಲ. ಮರವೊಂದು ಬೇಕೇಬೇಕಾದರೆ ದೇವತೆಯ ಮುಂದೆ 'ಕೌಲ' ಕೇಳಬೇಕು. ಕನ್ನಡ ನಾಡಿನಲ್ಲಿ ಹೂಪ್ರಸಾದ ಕೇಳುವಂತೆಯೇ ಅದು. ಭಕ್ತಿಯ ದೃಷ್ಟಿಯಿಂದ ಈ ಎರಡು ಬಗೆಯ ಕಟ್ಟಳೆಗಳ ನಡುವೆ ಹೆಚ್ಚಿನ ಅಂತರವಿಲ್ಲದಿರಬಹುದು. ಗಿಳಿಯ ದೃಷ್ಟಿಯಿಂದ ಅಂತರ ಅಪಾರ. ಒಣಕೊಂಬೆಯನ್ನೂ ಬಿಡುವ ಬನದಲ್ಲಿ ಮರಕುಟಿಗಕ್ಕೆ ಕೆಲಸವುಂಟು; ಮರಕುಟಿಗ ಇರುವಲ್ಲಿ ಗಿಳಿಗೆ ಮನೆಯುಂಟು. ಹಸಿಮರವನ್ನಷ್ಟೇ ಕಾಯುವ ಬನ ಹೊರಗಿನಿಂದ ಅಷ್ಟೇ ದಟ್ಟವಾಗಿ ಕಂಡರೂ ಪೊಟರೆಗಳ ಮಟ್ಟಿಗೆ ಬಡವಾಗಬಹುದು. ಬಿದ್ದ ಕಡ್ಡಿಯನ್ನೂ ಮುಟ್ಟಬೇಡ ಎಂಬ ಅತಿ ಎನಿಸುವ ನಿಯಮದಲ್ಲಿ ಎಂತಹ ವಿವೇಕ ಅಡಗಿದೆ ಎಂದು ಹೊಗಳುವ ಉತ್ಸಾಹ ಇತ್ತೀಚೆಗೆ ಹೆಚ್ಚಾಗಿದೆ. ಪೂರ್ವಿಕರು ಗಿಳಿಗಾಗಿ ಆ ನಿಯಮ ಮಾಡಿದರೆನ್ನಲು ಆಧಾರವಿಲ್ಲ. ದೇವತೆಗೆ ಅಂಜಿ ಮಾಡಿದರು. ಫಲ ಹಕ್ಕಿಗೂ ಸಿಕ್ಕಿತು. ಇಷ್ಟು ಹೇಳಿದರೆ ಸಾಕು, ಮತ್ತು ಇದು ಸಣ್ಣ ಮಾತೇನೂ ಅಲ್ಲ.

ಕೆಲವು ಗುಂಟೆಗಳಷ್ಟೇ ಇರುವ ದೇವರಾಯಿ ಒಂದು ಗಿಳಿಯ ಹಿಂಡಿಗೂ ವರ್ಷದ ಮೇವನ್ನು ಒದಗಿಸಲಾರದು. ಒದಗಿಸಬೇಕಾಗಿಯೂ ಇಲ್ಲ. ತಾರೆ, ನೇರಳೆ, ಮಾವು, ಅತ್ತಿ ಜಾತಿಯ ಮುದಿಮರಗಳು ಅಲ್ಲಿರುವುದರಿಂದ ಪೊಟರೆ ಅಲ್ಲಿ ಸಿಗುತ್ತದೆ. ಮೇವಿಗೆ ಸುತ್ತಲಿನ ಕಾಡು, ಹೊಲದ ಬದುವಿನ ಮರಗಳು, ಹಳ್ಳದ ಸಾಲುಗಳು ಇವೆ. ಆದುದರಿಂದ ದೇವರಾಯಿಯೊಂದನ್ನು ಬೇಲಿ ಕಟ್ಟಿ ಉಳಿಸಿ, ಸುತ್ತಲಿನ ಗುಡ್ಡವನ್ನು ನಿವೇಶನಗಳಾಗಿ ವಿಂಗಡಿಸಿದರೆ ಮಾನ್‌ಮ್ಯಾನಿಂಗ್‌ನ ಕಥೆ ಸಹ್ಯಾದ್ರಿಯಲ್ಲಿ ಪುನರಾವರ್ತನೆಯಾಗದೆಂದು ಹೇಳಲು ಕಾರಣವಿಲ್ಲ. ೧೯೮೫ರಲ್ಲಿ ಘೋಷಿತವಾದ ಭೀಮಾಶಂಕರ ಅಭಯಾರಣ್ಯ ಮತ್ತು ೨೦೧೩ರ ತಾಮ್ಹಿಣಿ ಅಭಯಾರಣ್ಯಗಳ ನಡುವಿನ ಊರುಗಳಲ್ಲಿ ಚದುರಿರುವ ಬನಗಳು ಈ ದೃಷ್ಟಿಯಿಂದ ಒಂದೊಂದಾಗಿ ಅಲ್ಲ, ಮಾಲೆಯಾಗಿ ಬೆಲೆಯುಳ್ಳವು.

೫

ಕರ್ನಾಟಕದಲ್ಲಿ ಈ ಮಾಲೆಯ ಎಳೆ ಇನ್ನೂ ಸ್ಪಷ್ಟವಾಗಿದ್ದ ಕಾಲವುಂಟು. ಬ್ರಾಂಡಿಸ್ ಮತ್ತು ಗ್ರಾಂಟ್ ೧೮೬೮ರಲ್ಲಿ ಸೊರಬ ತಾಲ್ಲೂಕಿನ ಕಾನುಗಳನ್ನು ಪರಿಶೀಲಿಸಿ ಬರೆದ ವರದಿಯಲ್ಲಿ ೧೭೧ ಕಾನುಗಳಿವೆ. ಅವುಗಳ ಒಟ್ಟು ವಿಸ್ತಾರ ಸುಮಾರು ೧೩,೦೦೦ ಹೆಕ್ಟೇರ್. ಕಾನು ಬರಿಯ ಪೂಜೆಯ ಬನವಾಗಿರಲಿಲ್ಲ. ಕಾಳುಮೆಣಸು, ಬಗನಿ, ನೀರಿನ ಸೆಲೆ ಎಲ್ಲ ಅದರೊಳಗಿದ್ದವು. ಅದನ್ನು ದೇವರಕಾಡೆಂದು ಕರೆಯಬೇಕೋ ಊರಕಾಡೆಂದು ಕರೆಯಬೇಕೋ ಎಂಬ ಪ್ರಶ್ನೆ ಆಡಳಿತಕ್ಕೆ ಹೊಳೆದದ್ದು, ಊರಿನವರಿಗಲ್ಲ. ಕೊಡಗಿನಲ್ಲಿ ಲೆಕ್ಕ ಇನ್ನೂ ಕಠೋರವಾಗಿದೆ: ೧೯೦೫ರಲ್ಲಿ ೧೫,೫೦೬ ಎಕರೆಯಷ್ಟಿದ್ದ ದೇವರಕಾಡು ೧೯೮೫ರ ಹೊತ್ತಿಗೆ ೬,೨೯೯ ಎಕರೆಗೆ ಇಳಿಯಿತು. ಉಳಿದುದರ ಬೆಲೆಯೇನೆಂಬುದನ್ನು ಶೋನಿಲ್ ಭಾಗವತ್ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಮೀಸಲು ಅರಣ್ಯ, ದೇವರಕಾಡು, ಕಾಫಿತೋಟ ಮೂರನ್ನೂ ಹೋಲಿಸಿದ ಅವರಿಗೆ, ಘಟ್ಟಕ್ಕೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚಾಗಿಯೂ, ಅಳಿವಿನ ಭೀತಿಯಲ್ಲಿರುವ ಮರಗಳು ದೇವರಕಾಡಿನಲ್ಲಿ ಹೆಚ್ಚಾಗಿಯೂ ಕಂಡವು.

ಕಾಫಿತೋಟದ ವಿಚಾರದಲ್ಲಿ ಒಂದು ಮಾತು. ನೀಲಿರೆಕ್ಕೆಯ ಗಿಳಿ ಮಲೆನಾಡಿನ ತೋಟಗಳಲ್ಲಿ ಅಪರೂಪದ ಹಕ್ಕಿಯಲ್ಲ. ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಹೂವಿಗೂ ಹಾಲಿವಾಣದ ಹೂವಿಗೂ ಅದು ಎರಗುತ್ತದೆ. ಇದನ್ನು ಕಂಡು ತೋಟವೂ ಕಾಡೇ ಎನ್ನುವವರಿದ್ದಾರೆ. ಆದರೆ ಸಿಲ್ವರ್ ಓಕ್ ಪೊಟರೆಯಾಗುವಷ್ಟು ಮುದಿಯಾಗುವ ಮೊದಲೇ ದಿಮ್ಮಿಯಾಗಿ ಲಾರಿ ಏರುತ್ತದೆ. ಹಳೆಯ ಕಾಡುಮರಗಳನ್ನು ನೆರಳಿಗೆ ಉಳಿಸಿಕೊಂಡ ತೋಟ ಬೇರೆ, ಅವನ್ನು ತೆಗೆದು ಸಿಲ್ವರ್ ಓಕ್ ನೆಟ್ಟ ತೋಟ ಬೇರೆ. ಎರಡನೆಯದು ಗಿಳಿಗೆ ಊಟದ ಮನೆಯೇ ಹೊರತು ಹೆರಿಗೆಯ ಮನೆಯಲ್ಲ.

ದ್ವೀಪದ ರೂಪಕ ಒಪ್ಪದ ಇನ್ನೊಂದು ಸಂಗತಿಯೂ ಇದೆ. ದೇವರಾಯಿಯನ್ನು ಕಡಿಯುತ್ತಿರುವುದು ಯಾವಾಗಲೂ ಹೊರಗಿನವರಲ್ಲ, ದೇವತೆಯ ಮೇಲೆ ನಂಬಿಕೆ ಕಳೆದುಕೊಂಡವರೂ ಅಲ್ಲ. ಪುಣೆ ಜಿಲ್ಲೆಯ ಎಷ್ಟೋ ಬನದೇವತೆಗಳು ಮಾಡಿಲ್ಲದ, ಆಕಾರವಿಲ್ಲದ ಕಲ್ಲುಗಳು. ಕುಂಕುಮ ಬಳಿದ ಆ ಕಲ್ಲಿನ ಸುತ್ತ ಮರಗಳೇ ಗರ್ಭಗುಡಿ. ನಗರಕ್ಕೆ ದುಡಿಯಲು ಹೋದವರು ಹಣ ಕೂಡಿಸಿ ಊರ ದೇವತೆಗೆ ಸಿಮೆಂಟಿನ ಗುಡಿ, ಹಂಚಿನ ಸಭಾಮಂಟಪ, ವಾಹನ ನಿಲ್ಲಿಸುವ ಅಂಗಳ ಮಾಡಿಸುತ್ತಾರೆ. ಗುಡಿಯ ಖರ್ಚಿಗೆ ಬನದ ಮರಗಳನ್ನೇ ಮಾರಿದ ಪ್ರಸಂಗಗಳೂ ಉಂಟು. ಹೀಗೆ ಭಕ್ತಿ ಮರದಿಂದ ಗೋಡೆಗೆ ಸ್ಥಳಾಂತರಗೊಳ್ಳುತ್ತದೆ. ದೇವತೆಗೆ ಮೊದಲಿಗಿಂತ ಹೆಚ್ಚಿನ ಪೂಜೆ ಸಲ್ಲುತ್ತದೆ, ಹೆಸರು ಕೂಡ ಕೆಲವೆಡೆ ಪುರಾಣದ ದೊಡ್ಡ ದೇವಿಯದಾಗುತ್ತದೆ. ಪೊಟರೆ ಮಾತ್ರ ಹೋಗುತ್ತದೆ. ಜಾನಪದ ವಿದ್ವಾಂಸರು ಸಂಸ್ಕೃತೀಕರಣವೆಂದು ಕರೆಯುವ ಪ್ರಕ್ರಿಯೆಗೆ ಇಂತಹ ಒಂದು ಮರಗಣತಿಯ ಪಾರ್ಶ್ವವಿದೆ ಎಂಬುದು ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಗುಡಿಯ ಸ್ಥಳಪುರಾಣವನ್ನು ಬರೆದುಕೊಳ್ಳುವವರು ಗುಡಿಯ ಸುತ್ತ ಯಾವ ಮರವಿತ್ತು, ಎಂದು ಕಡಿದರು, ಒಣಕೊಂಬೆಗೆ ಕಟ್ಟಳೆ ಏನಿತ್ತು ಎಂದು ಕೇಳಿ ಬರೆದುಕೊಂಡರೆ ಅದು ಪಕ್ಷಿಶಾಸ್ತ್ರಕ್ಕೂ ದಾಖಲೆ.

೬

ಮರಿಗಳ ಅಪಹರಣವನ್ನು ಕಾನೂನು ನಿಷೇಧಿಸಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಮತ್ತು ೧೯೯೦-೯೧ರ ಸುಮಾರಿಗೆ ಜಾರಿಗೆ ಬಂದ ನಿರ್ಬಂಧಗಳ ಅನಂತರ ಭಾರತದ ಯಾವ ಕಾಡುಗಿಳಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಪಂಜರದಲ್ಲಿಡುವಂತಿಲ್ಲ. ಆದರೂ ಸಂತೆಗಳಲ್ಲಿ ಗುಟ್ಟಾಗಿ ಮಾರಾಟ ನಡೆಯುತ್ತದೆ. ರಸ್ತೆಬದಿಯ ಗಿಣಿಶಾಸ್ತ್ರ ಪೂರ್ತಿ ನಿಂತಿಲ್ಲ. ಪೊಟರೆಯ ಬಾಯಿಯನ್ನು ಒಡೆದು ಮರಿ ತೆಗೆದಾಗ ಆ ವರ್ಷದ ಮರಿಯಷ್ಟೇ ಅಲ್ಲ, ಮುಂದಿನ ವರ್ಷಗಳ ಗೂಡೂ ಹಾಳಾಗುತ್ತದೆ ಎಂಬುದು ಶಬರನ ಪ್ರಸಂಗದಲ್ಲಿ ಇಲ್ಲದ ಒಂದು ವಿವರ.

ಮರವನ್ನು ಕಡಿಯುವುದಕ್ಕಿಂತ ನಿಲ್ಲಿಸಿಕೊಳ್ಳುವುದೇ ಲಾಭವೆನಿಸುವ ಏರ್ಪಾಡೊಂದು ಪುಣೆಯಿಂದಲೇ ಹೊರಟಿದೆ. ಇಲ್ಲಿನ ಅಪ್ಲೈಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಫೌಂಡೇಶನ್ ಎಂಬ ಸಂಸ್ಥೆ ಕೊಂಕಣದ ದೇವರಾಯಿಗಳಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದೆ. ತ್ರಿಫಲೆಯಲ್ಲಿ ಸೇರುವ ತಾರೆ ಮತ್ತು ಅಳಲೆ ಕಾಯಿಗಳನ್ನು ಮರಕ್ಕೆ ಹಾನಿಯಾಗದಂತೆ ಆರಿಸಿದರೆ ಫೇರ್‌ವೈಲ್ಡ್ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರದೊಡನೆ ಹೊರದೇಶದ ಕೊಳ್ಳುಗರಿಂದ ಒಳ್ಳೆಯ ಬೆಲೆ ದೊರೆಯುವಂತೆ ಅದು ಮಾಡಿತು. ಈ ಪ್ರಯತ್ನದ ಕೇಂದ್ರದಲ್ಲಿದ್ದುದು ಗಿಳಿಯಲ್ಲ, ಮಂಗಟ್ಟೆ ಹಕ್ಕಿ. ಹಳೆಯ ತಾರೆಮರದ ದೊಡ್ಡ ಪೊಟರೆಗಳು ಅದರ ಗೂಡು. ಆದರೆ ಮಂಗಟ್ಟೆಗಾಗಿ ನಿಂತ ಮರದ ಮೇಲಿನ ಕೊಂಬೆಯಲ್ಲಿ ಕುಟ್ರುಹಕ್ಕಿಯ ಸಣ್ಣ ಪೊಟರೆಗೂ ಜಾಗವಿದೆ. ಒಡೆಯನ ಹೊಲದಲ್ಲಿ ಒಂಟಿಯಾಗಿ ನಿಂತ ತಾರೆಮರಕ್ಕೂ ಈ ಲೆಕ್ಕ ಅನ್ವಯಿಸುವುದರಿಂದ, ಬನದಿಂದ ಬನಕ್ಕೆ ಹಾರುವ ಹಕ್ಕಿಗೆ ನಡುವೆ ತಂಗುದಾಣವೂ ಉಳಿಯುತ್ತದೆ.

ಇಂತಹ ಏರ್ಪಾಡುಗಳು ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಗಿಳಿ ಮರಿಮಾಡುವ ಜನವರಿ-ಮಾರ್ಚ್ ತಿಂಗಳುಗಳೇ ಕಾಡಿಗೆ ಬೆಂಕಿ ಬೀಳುವ, ಉರುವಲು ಕೂಡಿಡುವ, ಮನೆಗೆ ಮರ ತರಿಸುವ ತಿಂಗಳುಗಳು. ಫಾಲ್ಗುಣದ ಹುಣ್ಣಿಮೆಯ ಹೋಳಿಯೂ ಇದೇ ಅವಧಿಯಲ್ಲಿ ಬರುತ್ತದೆ. ಕೊಂಕಣದ ಊರುಗಳಲ್ಲಿ ಶಿಮಗಾ ಹಬ್ಬಕ್ಕೆ ಮಾವು, ಅಡಕೆ, ಸಾವರ ಮೊದಲಾದ ಎತ್ತರದ ಮರವೊಂದನ್ನು ಕಡಿದು ಮೆರವಣಿಗೆಯಲ್ಲಿ ತಂದು ನೆಡುತ್ತಾರೆ. ಸಾವರವೆಂದರೆ ಬಾಣನ ಶಾಲ್ಮಲಿಯೇ. ಉತ್ತರ ಕರ್ನಾಟಕದ ಹುಡುಗರು ಅದೇ ಹುಣ್ಣಿಮೆಗೆ ಮನೆಮನೆಯ ಕಟ್ಟಿಗೆ ಕದ್ದು ಕಾಮನನ್ನು ಸುಡುತ್ತಾರೆ. ಕಾಮನ ವಾಹನ ಗಿಳಿ. ಹೋಳಿಗೆ ಮರ ಆರಿಸುವ ಹಿರಿಯರು ಕೊಡಲಿ ಹಾಕುವ ಮೊದಲು ಪೊಟರೆಯ ಬಾಯಲ್ಲಿ ಹೊಸದಾಗಿ ಕಚ್ಚಿದ ಗುರುತಿದೆಯೇ, ಬುಡದಲ್ಲಿ ಸಿಪ್ಪೆ ಹಿಕ್ಕೆಗಳು ಬಿದ್ದಿವೆಯೇ ಎಂದು ತಲೆಯೆತ್ತಿ ನೋಡುವುದು ಕಷ್ಟದ ಕೆಲಸವಲ್ಲ. ಗೂಡಿದ್ದರೆ ಆ ಮರವನ್ನು ಬಿಟ್ಟು ಪಕ್ಕದ ಎಳೆಯ ಮರವನ್ನು ದೇವತೆಯ ಮುಂದಿಟ್ಟು ಕೌಲ ಕೇಳಲು ಹಳೆಯ ಕಟ್ಟಳೆಯಲ್ಲಿ ಯಾವ ಅಡ್ಡಿಯೂ ಇಲ್ಲ.